ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕ್ರಿಸ್‌ಮಸ್ ಮಾರ್ಕೆಟ್ ಇಲ್ಲ

ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಭರ್ಜರಿ ಕ್ರಿಸ್‌ಮಸ್ ಮಾರ್ಕೆಟ್ ನಡೆಯುತ್ತದೆ ಅಂತ ಕೆಲವು ಫೋಟೋ ಹರಿದಾಡಿವೆ. ಮರದ ಅಂಗಡಿಗಳ ಸಾಲು, ದೀಪದ ಸರ, ನೆಲದ ತುಂಬ ಹಿಮ. ನೋಡೋಕೆ ಚೆಂದ, ಆದರೆ ಪೂರ್ತಿ ಸುಳ್ಳು. ಅವು ಎಐ ಚಿತ್ರಗಳು. 2025ರಲ್ಲಿ ಇದನ್ನೇ ನಂಬಿ ಅಲ್ಲಿಗೆ ಹೋದವರಿಗೆ ಕಂಡದ್ದು ಬೀಗ ಹಾಕಿದ ಗೇಟು, ಬ್ಯಾರಿಕೇಡು, ಮಳೆ ನೀರಿನ ಗುಂಡಿ. ಇಲ್ಲಿ ಮಾರ್ಕೆಟ್ ಇಲ್ಲ ಅಂತ ಅರಮನೆಗೆ ಬರುವ ಪ್ರವಾಸಿಗರ ವ್ಯವಸ್ಥೆ ನೋಡಿಕೊಳ್ಳುವ ರಾಯಲ್ ಕಲೆಕ್ಷನ್ ಟ್ರಸ್ಟೇ ಹೇಳಬೇಕಾಯಿತು. ಇದ್ದದ್ದು ಪಕ್ಕದ ರಾಜಮನೆತನದ ಕುದುರೆ ಲಾಯ ರಾಯಲ್ ಮ್ಯೂಸ್‌ನಲ್ಲಿ ಹಬ್ಬಕ್ಕೆ ಅಂತ ತೆರೆದ ಒಂದು ಅಂಗಡಿ, ಅಷ್ಟೇ.

ಆ ಹಿಮ ನೋಡಿದಾಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಡಿಸೆಂಬರಿನ ಲಂಡನ್ನಿನಲ್ಲಿ ಜಾಸ್ತಿ ಸಿಗುವುದು ಜಿಟಿಜಿಟಿ ಮಳೆ.

ಅರಮನೆವರೆಗೆ ಹೋಗಿಬಿಟ್ಟಿದ್ದರೆ ಸುಮ್ನೆ ಬೇಜಾರು ಬೇಡ. ದಿ ಮಾಲ್ ರಸ್ತೆ ಹಿಡಿದು ಇಪ್ಪತ್ತು ನಿಮಿಷ ನಡೆದರೆ ಟ್ರಫಾಲ್ಗರ್ ಸ್ಕ್ವೇರ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮಾಡಿದ ಸಹಾಯ ನೆನೆದು 1947ರಿಂದ ಪ್ರತಿವರ್ಷ ನಾರ್ವೆಯವರು ಕಳಿಸುವ ದೊಡ್ಡ ಕ್ರಿಸ್‌ಮಸ್ ಮರ ನಿಲ್ಲುವುದು ಅಲ್ಲೇ. ದೀಪದ ಸರಗಳನ್ನು ಸುತ್ತದೆ, ತುದಿಯಿಂದ ನೆಟ್ಟಗೆ ಕೆಳಕ್ಕೆ ಇಳಿಬಿಟ್ಟಿರುತ್ತಾರೆ. ಮಾರ್ಕೆಟ್ ಬೇಕೆಂದರೆ ಲೀಸ್ಟರ್ ಸ್ಕ್ವೇರ್, ಥೇಮ್ಸ್ ದಡದ ಸೌತ್‌ಬ್ಯಾಂಕ್ ಇವೆ. ಹೈಡ್ ಪಾರ್ಕಿನ ಚಳಿಗಾಲದ ಜಾತ್ರೆ ವಿಂಟರ್ ವಂಡರ್‌ಲ್ಯಾಂಡ್‌ಗೆ ಮಾತ್ರ ಮೊದಲೇ ಬುಕ್ ಮಾಡಿ, ಆಟಗಳಿಗೆ ದುಡ್ಡು ಬೇರೆ.

ಇನ್ನೊಂದು, ಡಿಸೆಂಬರ್ 25ಕ್ಕೇ ಹೋಗೋಣ ಅಂದುಕೊಳ್ಳಬೇಡಿ. ಅವತ್ತು ಲಂಡನ್ನಿನಲ್ಲಿ ಮೆಟ್ರೋ ರೈಲೂ ಇಲ್ಲ, ಸಿಟಿ ಬಸ್ಸೂ ಇಲ್ಲ.