ಮೇಷ್ಟ್ರ ಮಿಕ್ಸಿಯಿಂದ ದೇಶಕ್ಕಾದ ನಷ್ಟ

ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರ ಮೇಲೆ ಯಾರಾದರೂ ಒಂದು ದೂರು ಕೊಡಬೇಕು. ಇಡೀ ದೇಶ ಸೇರಿ ಆರ್ಥಿಕತೆಯನ್ನು ಮುಂದಕ್ಕೆ ತಳ್ಳುತ್ತಿದ್ದರೆ ಇವರೊಬ್ಬರು ಚಕ್ರಕ್ಕೆ ಕಲ್ಲು ಕೊಟ್ಟು ಕೂತಿದ್ದಾರೆ. ಅವರ ಮನೆಯ ಮಿಕ್ಸಿಗೆ ಇಪ್ಪತ್ತು ವರ್ಷ ದಾಟಿದೆ. ಕುಕ್ಕರ್ ಅವರ ಮದುವೆಗೆ ಉಡುಗೊರೆಯಾಗಿ ಬಂದದ್ದು. ಟೇಬಲ್ ಫ್ಯಾನಿನ ಮುಂದಿನ ಜಾಲರಿ ಒಂದು ಕಂಪನಿಯದು, ಹಿಂದಿನದು ಇನ್ನೊಂದು ಕಂಪನಿಯದು, ನಡುವಿನ ರೆಕ್ಕೆ ಯಾರದು ಅಂತ ಫ್ಯಾನಿಗೇ ಗೊತ್ತಿಲ್ಲ. ಹಳೇ ಸೀರೆಗಳು ಕೌದಿಯಾಗಿವೆ. ಬನಿಯನ್ನು ಹರಿದ ಮೇಲೆ ಕುಕ್ಕರ್ ಇಳಿಸೋ ಬಟ್ಟೆಯಾಗುತ್ತದೆ, ಆಮೇಲೆ ಸ್ಕೂಟರ್ ಒರೆಸುತ್ತದೆ, ಅದಾದ ಮೇಲೂ ಮೇಷ್ಟ್ರು ಅದನ್ನು ಬಿಸಾಡಿದ್ದನ್ನು ನೋಡಿದವರಿಲ್ಲ. ಇಷ್ಟೆಲ್ಲ ಮಾಡಿಯೂ ಮನುಷ್ಯ ರಾಜಾರೋಷವಾಗಿ ವಾಕಿಂಗ್ ಹೋಗುತ್ತಾರೆ. ಜೀವನದಲ್ಲಿ ಒಂದು ಇಎಂಐ ಕಟ್ಟಿಲ್ಲ. ಇಂಥವರಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೋ!

ನಾವು ಹಾಗಲ್ಲ. ನಾವು ವರ್ಷಪೂರ್ತಿ ಉಳಿಸುತ್ತೇವೆ. ಹೇಗೆ ಅಂತೀರಾ? ಕೊಂಡು ಉಳಿಸುತ್ತೇವೆ. ಯುಗಾದಿಗೆ ಉಳಿಸುತ್ತೇವೆ, ಅಕ್ಷಯ ತೃತೀಯಕ್ಕೆ ಉಳಿಸುತ್ತೇವೆ, ಗೌರಿ ಹಬ್ಬಕ್ಕೆ ಉಳಿಸುತ್ತೇವೆ, ದೀಪಾವಳಿ ಬಂದರೆ ಕೇಳಲೇಬೇಡಿ. ಹಿಂದೆ ಆಷಾಢ ಅಂತ ಒಂದು ತಿಂಗಳಿತ್ತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸಾಮಾನು ತರೋ ಹಾಗಿಲ್ಲ. ಜೇಬಿಗೆ ವರ್ಷದಲ್ಲಿ ಸಿಗುತ್ತಿದ್ದ ರಜೆ ಅದು. ಹೊಸ ಸೊಸೆ ತವರಿಗೆ ಹೋಗುತ್ತಿದ್ದಳು, ಅಂಗಡಿಯವರು ನೊಣ ಹೊಡೆಯುತ್ತಿದ್ದರು. ಅದಕ್ಕೂ ಮದ್ದು ಸಿಕ್ಕಿತು. ಊರ ತುಂಬ ಬ್ಯಾನರ್: 'ಆಷಾಢ ಸೇಲ್, 50% ವರೆಗೆ ರಿಯಾಯಿತಿ'. ಆ 'ವರೆಗೆ' ಓದಬೇಕಾದರೆ ಬ್ಯಾನರ್ ಹತ್ತಿರ ಏಣಿ ಹಾಕಬೇಕು. ಈಗ ಸೊಸೆ ತವರಿಗೆ ಹೋಗುವ ಬದಲು ಸೇಲ್‌ಗೆ ಹೋಗುತ್ತಾಳೆ, ಜೊತೆಗೆ ಅತ್ತೆಯೂ. ಆಷಾಢದಲ್ಲಿ ಹೊಸದು ತರಬಾರದಲ್ವಾ ಅಂದರೆ ಅತ್ತೆಯ ಹತ್ತಿರ ಉತ್ತರ ರೆಡಿ: "ಆಷಾಢದಲ್ಲಿ ತರೋದು, ಶ್ರಾವಣದಲ್ಲಿ ಡಬ್ಬ ಬಿಚ್ಚೋದು."

ನಲವತ್ತು ಸಾವಿರದ ಟಿವಿ ಇಪ್ಪತ್ತೆಂಟು ಸಾವಿರಕ್ಕೆ ಬಂದರೆ ಹನ್ನೆರಡು ಸಾವಿರ ಉಳಿಯಿತು. ಇದು ಚಿಕ್ಕ ಮಗುವಿಗೂ ಗೊತ್ತು. ಮೇಷ್ಟ್ರು ಮಾತ್ರ ಕನ್ನಡಕ ಸರಿ ಮಾಡಿಕೊಂಡು, "ಕೊಳ್ಳದೇ ಇದ್ದಿದ್ರೆ ಇಪ್ಪತ್ತೆಂಟೂ ಉಳೀತಿತ್ತಲ್ಲ?" ಅಂತ ಕೇಳುತ್ತಾರೆ. ಗಣಿತದ ಮೇಷ್ಟ್ರು, ಪಾಪ. ಅರ್ಥಶಾಸ್ತ್ರ ಓದಿಲ್ಲ.

ಸರ್ಕಾರ ಓದಿದೆ. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಎಸಿ, ದೊಡ್ಡ ಟಿವಿ, ಪಾತ್ರೆ ತೊಳೆಯೋ ಮೆಷಿನ್, ಇವುಗಳ ಮೇಲೆ 28% ಇದ್ದ ಜಿಎಸ್‌ಟಿ 18%ಕ್ಕೆ ಇಳಿಯಿತು. ಪ್ರಧಾನಿಯವರು ಇದಕ್ಕೆ ಉಳಿತಾಯದ ಉತ್ಸವ ಅಂತಲೇ ಹೆಸರಿಟ್ಟರು. ತೆರಿಗೆ ಇಳಿದರೆ ಯಾರಿಗೆ ಬೇಜಾರು ಹೇಳಿ. ಆದರೆ ಮೇಷ್ಟ್ರಂಥ ವಕ್ರಬುದ್ಧಿಯವರು ಇನ್ನೊಂದು ಬಿಲ್ಲು ತೆಗೆದು ತೋರಿಸುತ್ತಾರೆ. ಹಳೇ ಎಸಿ ರಿಪೇರಿ ಮಾಡಿಸಿದ ಬಿಲ್ಲು. ಅದಕ್ಕೆ ಮೊದಲೂ 18%, ಈಗಲೂ 18%. ಉತ್ಸವಕ್ಕೆ ಹಳೇ ಎಸಿಗೆ ಆಹ್ವಾನ ಪತ್ರಿಕೆ ಹೋಗಿರಲಿಲ್ಲ ಅಂತ ಕಾಣುತ್ತೆ. ಸ್ವೀಡನ್‌ನಲ್ಲಿ 2017ರಲ್ಲಿ ಸೈಕಲ್, ಚಪ್ಪಲಿ, ಬಟ್ಟೆ ರಿಪೇರಿಯ ಮೇಲಿನ ತೆರಿಗೆಯನ್ನು 25%ರಿಂದ 12%ಕ್ಕೆ ಇಳಿಸಿದ್ದರಂತೆ. ಯಾರೋ ಮೇಷ್ಟ್ರಂಥವರೇ ಮಂತ್ರಿಯಾಗಿದ್ದಿರಬೇಕು. 2023ರಲ್ಲಿ ಅವರಿಗೂ ಬುದ್ಧಿ ಬಂತು, ಮತ್ತೆ ಏರಿಸಿದರು.

ಹಾಗಂತ ನಮ್ಮ ಸರ್ಕಾರ ರಿಪೇರಿಗೆ ಏನೂ ಮಾಡಿಲ್ಲ ಅನ್ನಬೇಡಿ. ಮಾಡಿದೆ. 2022ರ ಜುಲೈನಲ್ಲಿ ಕೊಂಡ ಸಾಮಾನನ್ನು ರಿಪೇರಿ ಮಾಡಿಸಿಕೊಳ್ಳುವ 'ರಿಪೇರಿ ಹಕ್ಕು' ಜನರಿಗೆ ಸಿಗಲಿ ಅಂತ ಒಂದು ಸಮಿತಿ ಮಾಡಿತು. ಅದೇ ಡಿಸೆಂಬರಿನಲ್ಲಿ ರಿಪೇರಿಯ ಮಾಹಿತಿಗೆ ಒಂದು ಪೋರ್ಟಲ್ ಮಾಡಿತು. ನಿಮ್ಮ ಫೋನು ಕೆಟ್ಟರೆ ಪೋರ್ಟಲ್‌ಗೆ ಹೋಗಿ ನೋಡಬಹುದು, ಫೋನು ಒಂದು ಸರಿ ಇದ್ದರೆ ಆಯಿತು. ಯಾವ ಸಾಮಾನು ಎಷ್ಟು ಸುಲಭವಾಗಿ ರಿಪೇರಿ ಆಗುತ್ತೆ ಅಂತ ಅಂಕ ಕೊಡೋದಕ್ಕೆ 2024ರಲ್ಲಿ ಇನ್ನೊಂದು ಸಮಿತಿ ಬಂತು, 2025ರ ಮೇ ತಿಂಗಳಲ್ಲಿ ಅದರ ವರದಿಯೂ ಬಂತು. ಫ್ರಾನ್ಸಿನಲ್ಲಿ ಇಂಥ ಅಂಕಪಟ್ಟಿ 2021ರಿಂದಲೇ ಅಂಗಡಿಯಲ್ಲಿ ನೇತಾಡುತ್ತಿದೆ. ನಮಗೇನು ಅವಸರ?

ಇದಕ್ಕೂ ದೊಡ್ಡದು ಇನ್ನೊಂದಿದೆ. 2022ರ ಅಕ್ಟೋಬರ್ 20ರಂದು ಗುಜರಾತಿನ ಏಕತಾ ನಗರದಲ್ಲಿ ಪರಿಸರಸ್ನೇಹಿ ಬದುಕಿನ 'ಲೈಫ್' ಅಭಿಯಾನ ಶುರುವಾಯಿತು. ಪ್ರಧಾನಿಯವರ ಪಕ್ಕದಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರಸ್. ನಾವು ನೀವು ಮಾಡಬೇಕಾದ 75 ಕೆಲಸಗಳ ಪಟ್ಟಿಯೂ ಬಂತು. ಎಲೆಕ್ಟ್ರಾನಿಕ್ ಸಾಮಾನು ಬಿಸಾಡೋ ಬದಲು ರಿಪೇರಿ ಮಾಡಿಸಿ ಬಳಸಿ ಅನ್ನೋದು ಅದರಲ್ಲೇ ಇದೆ. ಮೇಷ್ಟ್ರ ತಪ್ಪು ಏನಪ್ಪಾ ಅಂದರೆ, ಅವರು ಪಟ್ಟಿಯನ್ನೇ ಓದದೆ ಪಾಲಿಸುತ್ತಿದ್ದಾರೆ. ಅದು ಕ್ರಮ ಅಲ್ಲ. ಮೊದಲು ಆನ್‌ಲೈನ್ ಪ್ರತಿಜ್ಞೆ ಮಾಡಬೇಕು. ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಬೇಕು. ಅದನ್ನು ಸ್ಟೇಟಸ್‌ಗೆ ಹಾಕಬೇಕು. ಆಮೇಲೆ ಉತ್ಸವಕ್ಕೆ ಹೋಗಿ ಎಸಿ ತರಬೇಕು.

ಈಗ ಮಿಕ್ಸಿ ವಿಷಯಕ್ಕೆ ಬರೋಣ. ನಮ್ಮ ಬೀದಿಯಲ್ಲೇ ಒಂದು ಮಾದರಿ ಸಂಸಾರ ಇದೆ. ಒಂದು ಭಾನುವಾರ ಬೆಳಿಗ್ಗೆ ಚಟ್ನಿ ರುಬ್ಬುತ್ತಿರುವಾಗ ಅವರ ಮಿಕ್ಸಿ ಗರ್ ಅಂದು ನಿಂತಿತು. ಕಾಯಿ ಜಾಸ್ತಿ, ನೀರು ಕಮ್ಮಿ. ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದರು. ಕನ್ನಡಕ್ಕಾಗಿ ಎರಡು ಒತ್ತಿ. ಒತ್ತಿದರು. ಹಿಂದಿಯವರು ಬಂದರು. ಟೆಕ್ನಿಶಿಯನ್ ಬರೋದಕ್ಕೆ ನಾಲ್ಕು ದಿನ, ಬಂದು ನೋಡೋದಕ್ಕೇ ಇಷ್ಟು ಚಾರ್ಜು, ಬಿಡಿಭಾಗ ಬೇರೆ, ಬಿಡಿಭಾಗ ಸಿಗದಿದ್ದರೂ ನೋಡಿದ ಚಾರ್ಜು ಕೊಡಲೇಬೇಕು. ಅಷ್ಟರಲ್ಲಿ ಮಗ ಫೋನಿನಲ್ಲಿ ಹೊಸ ಮಿಕ್ಸಿ ಆರ್ಡರ್ ಮಾಡಿಬಿಟ್ಟಿದ್ದ. ಹತ್ತು ನಿಮಿಷದಲ್ಲಿ ಬಂತು. ಹೆಂಚಿನ ಮೇಲಿನ ದೋಸೆಯ ಜೊತೆಗೇ ಚಟ್ನಿಯೂ ತಟ್ಟೆಗೆ ಬಿತ್ತು. ನೋಡಿ, ಇದು ಅಭಿವೃದ್ಧಿ.

ಸಂಜೆ ಮೇಷ್ಟ್ರು ಆ ದಾರಿಯಲ್ಲಿ ಬಂದರು. ಗೇಟಿನ ಪಕ್ಕ ಕಸದ ಚೀಲದ ಜೊತೆ ಹಳೇ ಮಿಕ್ಸಿ ಕೂತಿತ್ತು. ಅದನ್ನು ಎತ್ತಿಕೊಂಡು ತಲೆಕೆಳಗು ಮಾಡಿದರು. ಅಡಿಯಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ. ಓವರ್‌ಲೋಡ್ ಸ್ವಿಚ್ಚು. ಲೋಡ್ ಜಾಸ್ತಿಯಾದರೆ ಮೋಟರ್ ಸುಡದಿರಲಿ ಅಂತ ಅದು ತಾನೇ ಕರೆಂಟು ಕಟ್ ಮಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬೆರಳಿನಲ್ಲಿ ಒತ್ತಿದರೆ ಮುಗಿಯಿತು. ಮೇಷ್ಟ್ರು ಒತ್ತಿದರು. ಗೇಟಿನ ಹತ್ತಿರದ ಪ್ಲಗ್ಗಿಗೆ ಹಾಕಿದರು. ಮಿಕ್ಸಿ ಓಡಿತು. ಮನೆಯವರನ್ನು ಕರೆದು ತೋರಿಸಿದರು. ಅವರು ಬಹಳ ಹೊತ್ತು ಸುಮ್ಮನೆ ನಿಂತು, "ಆದ್ರೂ ಹೊಸದು ಬಂದಾಯ್ತಲ್ಲ ಸಾರ್" ಅಂದರು. ಈಗ ಅದು ಅಟ್ಟದ ಮೇಲೆ ಕೂತಿದೆ, ಎರಡು ಹಳೇ ಇಸ್ತ್ರಿಪೆಟ್ಟಿಗೆ ಮತ್ತು ಒಂದು ಸರಿಯಾಗೇ ಇರುವ ಪ್ರಿಂಟರ್ ಜೊತೆ. ಪ್ರಿಂಟರಿನ ಕತೆ ನಿಮಗೆ ಗೊತ್ತೇ ಇರುತ್ತದೆ. ಇಂಕ್ ಕಾರ್ಟ್ರಿಡ್ಜ್‌ನ ರೇಟು ಕೇಳಿ ಹೊಸ ಪ್ರಿಂಟರ್ ತಂದವರ ಮನೆಯದು.

ಮೇಷ್ಟ್ರ ಸ್ವಂತ ಮಿಕ್ಸಿಯ ಡಾಕ್ಟರು ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗೆ ಕೂರುತ್ತಾರೆ. ಬೋರ್ಡು ಇಲ್ಲ, ಟೋಕನ್ ಇಲ್ಲ. ಮಿಕ್ಸಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಟ್ಟ ವಾಸನೆ ನೋಡುತ್ತಾರೆ. ನಾಲ್ಕು ಸ್ಕ್ರೂ ಬಿಚ್ಚುತ್ತಾರೆ. "ಕಾರ್ಬನ್ ಸವೆದಿದೆ ಸಾರ್," ಅನ್ನುತ್ತಾರೆ. ಸವೆದ ಎರಡು ಕಪ್ಪು ತುಂಡು ತೆಗೆದು ಎರಡು ಹೊಸ ತುಂಡು ಕೂರಿಸುತ್ತಾರೆ. ಜಾರಿನಿಂದ ನೀರು ಸೋರಿದರೆ ಬುಷ್, ಜಾರು ತಿರುಗದಿದ್ದರೆ ಕಪ್ಲರ್. ಮಿಕ್ಸಿಗೆ ಬರುವ ಕಾಯಿಲೆಗಳೇ ಹೆಚ್ಚುಕಮ್ಮಿ ಇಷ್ಟು. ಒಂದು ಸಿನಿಮಾಗೆ ಹೋಗಿ ಪಾಪ್‌ಕಾರ್ನ್ ತಿಂದ ದುಡ್ಡಿಗಿಂತ ಕಮ್ಮಿಯಲ್ಲಿ ಮಿಕ್ಸಿ ಮನೆಗೆ ವಾಪಸ್. ಇದರಿಂದ ದೇಶದ ಜಿಡಿಪಿಗೆ ಬಂದದ್ದು ಏನು? ಹೊಸ ಮಿಕ್ಸಿ ಇಲ್ಲ, ಅದರ ಥರ್ಮಾಕೋಲ್ ಇಲ್ಲ, ಡಬ್ಬ ಇಲ್ಲ, ಡೆಲಿವರಿ ಇಲ್ಲ, ಎಕ್ಸ್‌ಟೆಂಡೆಡ್ ವಾರಂಟಿ ಇಲ್ಲ, ಅದಕ್ಕೊಂದು ಇಎಂಐ ಇಲ್ಲ, ಮಿಕ್ಸಿಯ ಡಬ್ಬ ಬಿಚ್ಚುವ ರೀಲ್ಸೂ ಇಲ್ಲ. ಎರಡು ಕಾರ್ಬನ್ ತುಂಡು ಎಷ್ಟು ಜನರ ಹೊಟ್ಟೆಯ ಮೇಲೆ ಹೊಡೆಯಿತು ಲೆಕ್ಕ ಹಾಕಿ.

ಒಂದು ವಿಷಯದಲ್ಲಿ ಮಾತ್ರ ಆ ಡಾಕ್ಟರೂ ಕೈಚೆಲ್ಲಿದ್ದಾರೆ. ಮೇಷ್ಟ್ರ ದೊಡ್ಡ ಜಾರಿನ ಮುಚ್ಚಳ ಒಡೆದಿದೆ. ಒಂದು ಕಂಪನಿಯ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಅದೇ ಕಂಪನಿಯ ಹೊಸ ಮಾಡೆಲ್ಲಿನದೂ ಹಳೇ ಮಾಡೆಲ್ಲಿಗೆ ಕೂರುವುದಿಲ್ಲ. ಚಂದ್ರನ ಮೇಲೆ ನೌಕೆ ಇಳಿಸಿದ ದೇಶದಲ್ಲಿ ಎರಡು ಮಿಕ್ಸಿ ಜಾರಿಗೆ ಒಂದೇ ಅಳತೆಯ ಮುಚ್ಚಳ ಮಾಡೋದು ಇನ್ನೂ ಆಗಿಲ್ಲ. ಮೇಷ್ಟ್ರ ಮನೆಯವರು ಸ್ಟೀಲ್ ತಟ್ಟೆ ಮುಚ್ಚಿ ಅಂಗೈಯಲ್ಲಿ ಒತ್ತಿ ಹಿಡಿದು ರುಬ್ಬುತ್ತಾರೆ.

ಕಂಪನಿಗಳನ್ನು ಬೈಯುವುದು ಸುಲಭ. ಅವರ ಶ್ರಮ ಯಾರೂ ನೋಡುವುದಿಲ್ಲ. ಒಂದು ಸಾಮಾನು ಸರಿಯಾದ ಸಮಯಕ್ಕೆ ಕೆಡಬೇಕು ಅಂದರೆ ಅದಕ್ಕೆ ಎಷ್ಟು ಶಿಸ್ತು ಬೇಕು ಗೊತ್ತಾ? 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಅಂತ ಒಂದು ಕೂಟ ಕಟ್ಟಿಕೊಂಡವು. ಆಗಿನ ಬಲ್ಬುಗಳು ಒಂದೂವರೆ ಸಾವಿರ, ಎರಡು ಸಾವಿರ ಗಂಟೆ ಉರಿಯುತ್ತಿದ್ದವು. ಇನ್ನು ಮೇಲೆ 1,000 ಗಂಟೆ ಸಾಕು ಅಂತ ತೀರ್ಮಾನ ಮಾಡಿದರು. ಯಾವ ಕಂಪನಿಯ ಬಲ್ಬು ಅದಕ್ಕಿಂತ ಜಾಸ್ತಿ ಉರಿಯಿತೋ ಆ ಕಂಪನಿಗೆ ದಂಡ! ಚೆನ್ನಾಗಿ ಮಾಡಿದ್ದಕ್ಕೆ ದಂಡ ಕಟ್ಟಿದವರು ಅವರು. ಎರಡನೇ ಮಹಾಯುದ್ಧ ಬಂದು ಕೂಟ ಮುರಿಯಿತು. ಬುದ್ಧಿ ಮಾತ್ರ ಮುರಿಯಲಿಲ್ಲ. ಈಗ ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿರುತ್ತಾರೆ. ಒಳಗೆ ದೀಪ ಚೆನ್ನಾಗೇ ಇರುತ್ತದೆ. ಅದಕ್ಕೆ ಕರೆಂಟು ಕೊಡುವ ಡ್ರೈವರ್ ಮೊದಲು ಕೈಕೊಡುತ್ತದೆ, ಬಲ್ಬು ಬಿಚ್ಚದ ಹಾಗೆ ಅಂಟಿಸಿರುತ್ತಾರೆ.

ಈ ಕೂಟದ ಕಣ್ಣು ತಪ್ಪಿಸಿಕೊಂಡ ಒಂದು ಬಲ್ಬು ಅಮೆರಿಕದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿದೆ. 1901ರಿಂದ ಉರಿಯುತ್ತಿದೆ. 2013ರಲ್ಲಿ ಒಂದು ದಿನ ಆರಿಹೋಯಿತು. ಜನ ಗಾಬರಿಯಾದರು. ನೋಡಿದರೆ ಬಲ್ಬಿಗೆ ಏನೂ ಆಗಿರಲಿಲ್ಲ. ಕಾಪಾಡೋದಕ್ಕೆ ಅಂತ ಹಾಕಿದ್ದ ಯುಪಿಎಸ್ ಕೆಟ್ಟಿತ್ತು.

ವಾಷಿಂಗ್ ಮೆಷಿನ್ ಇನ್ನೂ ಮುಂದುವರಿದಿದೆ. ಬಟ್ಟೆ ತಿರುಗಿಸುವ ಡ್ರಮ್ಮು ಗಟ್ಟಿ, ಮೋಟರ್ ಗಟ್ಟಿ. ಒಳಗೊಂದು ಎಲೆಕ್ಟ್ರಾನಿಕ್ ಬೋರ್ಡು ಇರುತ್ತದೆ. ಒಂದು ಸಣ್ಣ ಇಲಿ ಬಂದು ಹೋದರೆ, ವೋಲ್ಟೇಜ್ ಒಂದು ಸಲ ಏರಿದರೆ, "ಬೋರ್ಡ್ ಹೋಗಿದೆ ಸಾರ್." ಆ ಬೋರ್ಡಿನ ಮೇಲೆ ನೀರು ತಾಗದಿರಲಿ ಅಂತ ಅಂಟು ಸುರಿದು ಗಟ್ಟಿ ಮಾಡಿರುತ್ತಾರೆ. ನೀರೂ ಒಳಗೆ ಹೋಗಲ್ಲ, ರಿಪೇರಿಯವರ ಸಾಲ್ಡರಿಂಗ್ ಕಡ್ಡಿಯೂ ಹೋಗಲ್ಲ. ಹಠ ಹಿಡಿದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೊತ್ತುಕೊಂಡು ಹೋದರೆ ಆ ಅಂಟನ್ನೂ ಕೆರೆದು ಸರಿ ಮಾಡುವ ಪುಣ್ಯಾತ್ಮರು ಸಿಗುತ್ತಾರೆ. ಅಲ್ಲಿಯ ಪಾರ್ಕಿಂಗ್ ಹುಡುಕಿ ಮುಗಿಸುವಷ್ಟರಲ್ಲಿ ಹೊಸ ಮೆಷಿನ್ನೇ ವಾಸಿ ಅನ್ನಿಸುತ್ತದೆ.

ಆದರೆ ಪರಿಸರದ ಮೇಲೆ ಕಂಪನಿಗಳಿಗಿರುವ ಪ್ರೀತಿಯನ್ನು ಅಲ್ಲಗಳೆಯುವ ಹಾಗಿಲ್ಲ. 2020ರಲ್ಲಿ ಆಪಲ್ ತನ್ನ ಹೊಸ ಫೋನಿನ ಡಬ್ಬದಿಂದ ಚಾರ್ಜರ್ ತೆಗೆದುಹಾಕಿತು. ಪರಿಸರಕ್ಕೋಸ್ಕರ. ಬೇರೆ ಡಬ್ಬದಲ್ಲಿ ಹಾಕಿ ಬೇರೆ ದುಡ್ಡಿಗೆ ಮಾರಿದರೆ ಚಾರ್ಜರಿನಿಂದ ಪರಿಸರಕ್ಕೆ ತೊಂದರೆ ಇಲ್ಲ. ಬ್ರೆಜಿಲ್ ಸರ್ಕಾರಕ್ಕೆ ಇದು ಅರ್ಥವಾಗಲಿಲ್ಲ. 2022ರಲ್ಲಿ ದಂಡ ಹಾಕಿ, ಚಾರ್ಜರ್ ಇಲ್ಲದ ಫೋನು ಮಾರಬೇಡಿ ಅಂದುಬಿಟ್ಟಿತು. ಅದಕ್ಕೂ ಮೊದಲು, ಅದೇ 2020ರಲ್ಲಿ, ಗ್ರಾಹಕರಿಗೆ ಹೇಳದೆ ಹಳೇ ಫೋನುಗಳ ಓಟ ನಿಧಾನ ಮಾಡಿದ್ದಕ್ಕೆ ಫ್ರಾನ್ಸಿನಲ್ಲಿ ಎರಡೂವರೆ ಕೋಟಿ ಯೂರೋ ದಂಡವಾಗಿತ್ತು. ಬ್ಯಾಟರಿಗೆ ವಯಸ್ಸಾಗಿದೆ, ಫೋನು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಹಾಗೆ ಮಾಡಿದೆವು ಅಂದರು ಕಂಪನಿಯವರು. ವಯಸ್ಸಾದವರನ್ನು ಕಂಡರೆ ಎಷ್ಟು ಕಾಳಜಿ!

ಆಯುಧಪೂಜೆ ಬಂತು. ನಮ್ಮಲ್ಲಿ ಸ್ಕೂಟರ್, ಟಿವಿ, ವಾಷಿಂಗ್ ಮೆಷಿನ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಮಂಗಳಾರತಿ ಎತ್ತಿ, ಸಂಜೆ ಎಕ್ಸ್‌ಚೇಂಜ್ ಮೇಳಕ್ಕೆ ಕಳಿಸುವ ಪದ್ಧತಿ. ಸೊಸೆ ಬಲವಂತ ಮಾಡಿದ್ದಕ್ಕೆ ಮೇಷ್ಟ್ರೂ ಒಂದು ಅಂಗಡಿಗೆ ಬಂದಿದ್ದರು. ಟೈ ಕಟ್ಟಿದ ಹುಡುಗ ಓಡಿ ಬಂದ.

"ಹಳೇ ಮಿಕ್ಸಿ ಕೊಡಿ ಸಾರ್, ಐನೂರು ರೂಪಾಯಿ ಕಟ್ ಮಾಡ್ತೀವಿ."

"ಅದು ಚೆನ್ನಾಗಿ ಓಡ್ತಾ ಇದೆಯಪ್ಪ."

"ಪರವಾಗಿಲ್ಲ ಸಾರ್. ಓಡಿದ್ರೂ ಅದೇ ರೇಟು, ಕೆಟ್ಟಿದ್ರೂ ಅದೇ ರೇಟು."

ಮೇಷ್ಟ್ರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಸೊಸೆಯ ಮುಖದಲ್ಲಿ ಆಸೆ ಕಂಡಿತು.

"ಹೀಗೆ ತಗೊಂಡಿದ್ದನ್ನೆಲ್ಲ ಏನು ಮಾಡ್ತೀರಿ?"

"ಸೀದಾ ಗುಜರಿಗೆ ಹಾಕ್ತೀವಿ ಸಾರ್. ಲೋಡುಗಟ್ಟಲೆ ಹೋಗುತ್ತೆ."

"ನನ್ನ ಮಾಡೆಲ್ಲಿನದೂ ಇರ್ತವಾ?"

"ಎಲ್ಲಾ ಕಂಪನಿದೂ ಇರುತ್ತೆ ಸಾರ್."

"ಹಂಗಾದ್ರೆ ಆ ಗುಜರಿ ಅಂಗಡಿ ಅಡ್ರೆಸ್ ಒಂಚೂರು ಬರೆದುಕೊಡಪ್ಪ," ಅಂದರು ಮೇಷ್ಟ್ರು. "ನಂಗೊಂದು ಜಾರ್ ಮುಚ್ಚಳ ಬೇಕಿತ್ತು."