‘ಹಳೇ ಗಾಡಿ ಅಲ್ವಾ ಸಾರ್’

ಇವತ್ತು ಬೆಳಿಗ್ಗೆ ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಒಂದು ಹಳೇ ಮಾರುತಿ 800 ನಿಂತುಹೋಯಿತು. ಓಡಿಸುತ್ತಿದ್ದವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಸ್ಟಾರ್ಟ್ ಮಾಡುತ್ತಾರೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ನಾವು ಮೂವರು ಸೇರಿ ಗಾಡಿಯನ್ನು ಪಕ್ಕಕ್ಕೆ ತಳ್ಳಿದೆವು. ಅವರು ಫೋನ್ ಮಾಡಿದ ಮೇಲೆ ಮೆಕ್ಯಾನಿಕ್ ಹುಡುಗ ಬೈಕಲ್ಲಿ ಬಂದ. ಬಾನೆಟ್ ಎತ್ತಿದ. ಸ್ಕ್ರೂಡ್ರೈವರ್ ಹಾಕಿ ಐಡ್ಲಿಂಗ್ ಸ್ಕ್ರೂ, ಅಂದರೆ ಗಾಡಿ ನಿಂತಾಗ ಎಂಜಿನ್ ಎಷ್ಟು ಜೋರಾಗಿ ಓಡಬೇಕು ಅಂತ ಹೊಂದಿಸುವ ಸ್ಕ್ರೂ, ತಿರುಗಿಸಿದ. ಎಂಜಿನ್ ಅರಚಿಕೊಂಡು ಓಡಿತು. "ಹಳೇ ಗಾಡಿ ಅಲ್ವಾ ಸಾರ್, ಇಷ್ಟೇ" ಅಂತ ಹೇಳಿ ದುಡ್ಡು ತಗೊಂಡು ಹೊರಟ. ಎಲ್ಲ ಸೇರಿ ಎರಡು ನಿಮಿಷ.

ನಾನು ಅಲ್ಲೇ ಬಗ್ಗಿ ನಿಂತಿದ್ದೆ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಕೆಳಗಿಂದ ಸುಸ್ಸ್ ಅಂತ ಸದ್ದು ಬರುತ್ತಿತ್ತು. ಅಷ್ಟು ಗಲಾಟೆಯಲ್ಲೂ ನನಗೆ ಕೇಳಿತು. ಅವನಿಗೆ ಕೇಳಲಿಲ್ಲ, ಯಾಕೆಂದರೆ ಅವನು ಕಿವಿ ಕೊಡಲೇ ಇಲ್ಲ.

ನಮ್ಮ ಮನೆಯಲ್ಲೂ ಒಂದು ಹಳೇ ಮಾರುತಿ ಜೆನ್ ಕಾರಿದೆ, ಅಪ್ಪ ತಗೊಂಡ 97ರ ಮಾಡೆಲ್. ಕಾರ್ಬೊರೇಟರ್ ಗಾಡಿ, 993 ಸಿಸಿ. ಅದಕ್ಕೂ ಹೋದ ವರ್ಷ ಇದೇ ಕಾಯಿಲೆ ಬಂದಿತ್ತು. ಮಂಡಗದ್ದೆ ದಾರಿಯಲ್ಲಿ 60ರಲ್ಲಿ ಬೆಣ್ಣೆ ಹಾಗೆ ಓಡುತ್ತಿತ್ತು. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ನಡುಗಿ ನಡುಗಿ ಆಫ್. ಮೂರು ಗ್ಯಾರೇಜ್ ಸುತ್ತಿದೆ. ಒಬ್ಬರು ಕಾರ್ಬೊರೇಟರ್ ಬಿಚ್ಚಿ ತೊಳೆದರು. ಇನ್ನೊಬ್ಬರು ಪ್ಲಗ್, ಕಾಯಿಲ್ ಬದಲಾಯಿಸಿದರು, ಪೆಟ್ರೋಲ್ ಸರಿ ಇಲ್ಲ ಅಂದರು. ಮೂರನೆಯವರು ಐಡ್ಲಿಂಗ್ ಏರಿಸಿ ಕೊಟ್ಟರು. ಮೂವರೂ ಹೇಳಿದ್ದು ಒಂದೇ ಮಾತು. ಹಳೇ ಗಾಡಿ ಅಲ್ವಾ ಸಾರ್.

ಗಾಡಿ ಹಳೇದು ಅನ್ನೋದು ಕಾಯಿಲೆಯ ಹೆಸರಲ್ಲ! ಅದರೊಳಗಿನ ಯಾವ ಪೈಪ್ ಹಳೇದಾಗಿದೆ ಅಂತ ಹೇಳಿ. ಅದಕ್ಕೇ ಅಲ್ವಾ ನಿಮ್ಮ ಹತ್ತಿರ ಬರೋದು?

ವಿಷಯ ಇಷ್ಟು. ಪೆಟ್ರೋಲ್ ಎಂಜಿನ್‌ಗೆ ಸುಮಾರು 1 ಕೆಜಿ ಪೆಟ್ರೋಲ್‌ಗೆ 14.7 ಕೆಜಿ ಗಾಳಿ ಬೇಕು. ಈ ಲೆಕ್ಕ ನೋಡಿಕೊಳ್ಳೋದು ಕಾರ್ಬೊರೇಟರ್. ಗಾಡಿ ನಿಂತಲ್ಲೇ ಓಡುವಾಗ ಅದರೊಳಗಿನ ಥ್ರಾಟಲ್ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತೆ. ಎಂಜಿನ್ ಜೋರಾಗಿ ಎಳೆಯುತ್ತಿರುತ್ತೆ, ಬಾಗಿಲ ಆಚೆ ಕಡೆ ವ್ಯಾಕ್ಯೂಮ್ ತುಂಬಾ ಜಾಸ್ತಿ. ಅಲ್ಲಿನ ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟರೆ, ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್ ಹೋದರೆ, ಲೆಕ್ಕಕ್ಕಿಲ್ಲದ ಗಾಳಿ ಒಳಗೆ ನುಗ್ಗುತ್ತೆ. ಪೆಟ್ರೋಲ್ ಸಾಲದೆ ಎಂಜಿನ್ ಸಾಯುತ್ತೆ. ಸ್ಪೀಡಲ್ಲಿ ಹೋಗುವಾಗ ಬಾಗಿಲು ತೆರೆದಿರುತ್ತೆ, ಹೇಗೂ ರಾಶಿ ಗಾಳಿ ಹೋಗುತ್ತಿರುತ್ತೆ. ಆಗ ಆ ಸಣ್ಣ ತೂತು ಗೊತ್ತೇ ಆಗೋದಿಲ್ಲ. ಹೈವೇಯಲ್ಲಿ ಸರಿ, ಸಿಗ್ನಲ್‌ನಲ್ಲಿ ಆಫ್ ಅಂತ ಗಾಡಿಯವರು ಬಾಯಿಬಿಟ್ಟು ಹೇಳಿದರೆ ಮೊದಲು ಪೈಪ್ ನೋಡಬೇಕಲ್ಲವಾ?

ನಮ್ಮ ಕಡೆಯಂತೂ ಇದು ಜಾಸ್ತಿ ನೋಡಬೇಕಾದ ವಿಷಯ. ಮಳೆಗಾಲದಲ್ಲಿ ಎಷ್ಟೋ ದಿನ ಗಾಡಿ ತೋಟದ ಮನೆಯ ಶೆಡ್ಡಲ್ಲಿ ನಿಂತಿರುತ್ತೆ. ಇಲಿಗಳಿಗೆ ರಬ್ಬರ್ ಪೈಪ್ ಸಿಕ್ಕರೆ ಬಿಡ್ತಾವಾ? ಅವು ಬಿಟ್ಟ ಪೈಪನ್ನು ಎಂಜಿನ್ ಶಾಖ ಬಿಡೋದಿಲ್ಲ. ಇಪ್ಪತ್ತು ವರ್ಷದ ಪೈಪನ್ನು ಬಗ್ಗಿಸಿ ನೋಡಿ, ಒಣಗಿದ ಅಡಿಕೆ ಹಾಳೆ ಹಾಗೆ ಸೀಳುತ್ತೆ.

ಐಡ್ಲಿಂಗ್ ಏರಿಸಿದರೆ ಏನಾಗುತ್ತೆ ಗೊತ್ತಾ? ತೂತು ಹಾಗೇ ಇರುತ್ತೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಘಾಟಿ ಇಳಿಯುವಾಗ ಎಂಜಿನ್ ಗಾಡಿಯನ್ನು ಹಿಡಿಯೋದರ ಬದಲು ಮುಂದಕ್ಕೆ ದೂಡುತ್ತೆ. ಬ್ರೇಕ್ ಪೆಡಲ್ ಹಗುರ ಆಗೋದು ಇದೇ ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ಬ್ರೇಕ್ ಬೂಸ್ಟರ್‌ನಿಂದ. ಆ ಪೈಪ್ ಅದಕ್ಕೆ ಹೋಗುವುದಾದರೆ ಕೇಳಲೇಬೇಡಿ.

ಇದನ್ನು ಬರೆಯೋಕೆ ಕಷ್ಟ ಆಗ್ತಿದೆ, ಆದರೂ ಬರೆಯುತ್ತೇನೆ. ಹೋದ ಮಳೆಗಾಲದಲ್ಲಿ ಉಡುಪಿಗೆ ಹೊರಟಿದ್ದೆವು. ಆಗುಂಬೆ ಘಾಟಿಯ 14 ತಿರುವಿನಲ್ಲಿ ಮೂರೋ ನಾಲ್ಕೋ ಇಳಿದಿದ್ದೆವು. ಗಾಡಿ ನನ್ನ ಹೆಂಡತಿಯ ಕೈಯಲ್ಲಿತ್ತು. ಮಂಜು, ಮಳೆ. ತಿರುವಿನಲ್ಲಿ ಕ್ಲಚ್ ಒತ್ತಿ ಗೇರ್ ಇಳಿಸುವಾಗ ಎಂಜಿನ್ ಆಫ್ ಆಯಿತು. ಎರಡನೇ ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗಿತ್ತು. ಅವಳು ಎರಡೂ ಕಾಲಲ್ಲಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯನ್ನು ಗುಡ್ಡದ ಬದಿಗೆ ನಿಲ್ಲಿಸಿದಳು. ನಮ್ಮೆಲ್ಲರ ಜೀವ ಉಳಿಸಿದಳು. ನಾನು ಅವಳಿಗೆ ಹೇಳಿದ್ದು, "ನಿಂಗೆ ಕ್ಲಚ್ ಬಿಡೋಕೆ ಬರಲ್ಲ."

"ನಾನು ಕ್ಲಚ್ ಬಿಟ್ಟೇ ಇರ್ಲಿಲ್ಲ ಕಣ್ರೀ" ಅಂದಳು. ನಾನು ಕೇಳಲಿಲ್ಲ. ಅವತ್ತಿನಿಂದ ಅವಳು ಆ ಗಾಡಿಯ ಸ್ಟೇರಿಂಗ್ ಮುಟ್ಟಲಿಲ್ಲ.

ಕೊನೆಗೆ ಕಾಯಿಲೆ ಹಿಡಿದವರು ತೀರ್ಥಹಳ್ಳಿಯ ಒಬ್ಬ ಹಿರಿಯ ಮೇಸ್ತ್ರಿ. ಎಂಜಿನ್ ಓಡುತ್ತಿರುವಾಗಲೇ ಒಂದು ರಬ್ಬರ್ ಟ್ಯೂಬಿನ ತುದಿ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದೇ ಪೈಪ್ ಪಕ್ಕ ಆಡಿಸಿದರು. ಬೂಸ್ಟರ್ ಪೈಪಿನ ಕ್ಲಿಪ್ ಹತ್ತಿರ ಕೈ ನಿಂತಿತು. ಅಲ್ಲಿಗೆ ಸ್ವಲ್ಪ ಸೋಪ್ ನೀರು ಬಿಟ್ಟರು. ಗುಳ್ಳೆ ಬರಲಿಲ್ಲ, ನೀರನ್ನು ಒಳಗೇ ಎಳೆದುಕೊಂಡಿತು. ಒಂದು ಕ್ಷಣ ಎಂಜಿನ್ ಶಾಂತವಾಯಿತು. "ಇಲ್ಲೇ ಏರ್ ಎಳೀತಿದೆ ನೋಡಿ" ಅಂದರು. ಹೊಸ ಪೈಪ್ ಹಾಕಿ, ಏರಿಸಿದ್ದ ಐಡ್ಲಿಂಗನ್ನು ಇಳಿಸಿದರು.

ಮೆಕ್ಯಾನಿಕ್‌ಗಳ ಕಡೆಯಿಂದ ಮಾತಾಡುವವರೂ ಇದ್ದೀರಿ. ಪೈಪ್ ಹುಡುಕೋಕೆ ಅರ್ಧ ದಿನ ಬೇಕು, ಪೈಪಿನಿಂದ ಏನು ಸಿಗುತ್ತೆ, ನಾವು ಲೇಬರ್‌ಗೂ ಚೌಕಾಸಿ ಮಾಡ್ತೀವಿ ಅಂತ. ಚೌಕಾಸಿ ಮಾಡ್ತೀವಿ, ನಿಜ. ಆದರೆ ನನ್ನ ಹತ್ತಿರ ಆ ಮೂವರು ತಗೊಂಡ ದುಡ್ಡಲ್ಲಿ ಆ ಮೇಸ್ತ್ರಿಯ ಹಾಗೆ ಹತ್ತು ಗಾಡಿಗೆ ಕಿವಿ ಕೊಡಬಹುದಿತ್ತು. ಮಾರಿಬಿಡಿ ಅನ್ನೋರಿಗೆ ಉತ್ತರ ಇಲ್ಲ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ರಿನ್ಯೂವಲ್ ಮಾಡಿಸಿ ಇಟ್ಟುಕೊಂಡಿರುವ ಗಾಡಿ ಅದು. ಅಪ್ಪನ ಗಾಡಿ.

ಬೆಳಿಗ್ಗೆ ಆ ಮಾರುತಿ 800ರ ಹಿರಿಯರನ್ನು ಹಾಗೇ ಕಳಿಸೋಕೆ ಮನಸ್ಸಾಗಲಿಲ್ಲ. ಪಕ್ಕದ ಅಂಗಡಿಯಲ್ಲಿ ಒಂದು ಬಾಟಲ್ ಸೋಪ್ ನೀರು ಕೇಳಿ ತಂದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪಿನ ತುದಿ ಸೀಳಿತ್ತು. ಅರ್ಧ ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಿದೆ, ಸ್ಕ್ರೂ ವಾಪಸ್ ತಿರುಗಿಸಿದೆ. ಗಾಡಿ ನಿಂತಲ್ಲೇ ಸಣ್ಣ ದನಿಯಲ್ಲಿ ಓಡಿತು. ಅವರು ಐದು ನಿಮಿಷ ಏನೂ ಮಾತಾಡದೆ ಅದನ್ನೇ ಕೇಳುತ್ತಾ ನಿಂತಿದ್ದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಆಗುಂಬೆಯ ಮಾತನ್ನೂ ಎತ್ತಿದೆ, ತಪ್ಪಾಯ್ತು ಅಂದೆ. ಇಷ್ಟು ದಿನ ಹೇಳದೇ ಇದ್ದೆ. ಅವಳು ಏನೂ ಹೇಳಲಿಲ್ಲ. ಜೆನ್ ಕೀ ಮಾತ್ರ ಮೊಳೆಯಿಂದ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.