ಲ್ಯಾಬ್ ರೆಕಾರ್ಡಿನ 980

ಕಳೆದ ವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅಣ್ಣನ ಮಗ ಒಂದು ನಕ್ಷೆ ಹಾಕಿದ್ದ. ಬೆಳಕಿನ ವೇಗ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಅದು ಬಯಲಾಗಬಾರದೆಂದು ವಿಜ್ಞಾನಿಗಳು 1983ರಲ್ಲಿ ಒಂದು ಸಂಖ್ಯೆಗೆ ಬೀಗ ಹಾಕಿ ಕೂತರು ಎಂಬುದು ಅದರ ಸಾರ. ಕೆಳಗೆ ಅವನದೇ ಒಂದು ಸಾಲು: "ಚಿಕ್ಕಪ್ಪ, ನೀವು ವಿಜ್ಞಾನ ಓದಿದವರು. ಇದು ಸುಳ್ಳು ತಾನೆ?"

ಸುಳ್ಳು ಎಂದು ಒಂದೇ ಪದ ಬರೆದು ಕಳಿಸಬೇಕೆಂದಿದ್ದವನು ತಡೆದೆ. ಏಕೆಂದರೆ ನಕ್ಷೆಯಲ್ಲಿದ್ದ ಅಂಕಿಗಳು ಸುಳ್ಳಾಗಿರಲಿಲ್ಲ. ಅಮೆರಿಕದ ಆಲ್ಬರ್ಟ್ ಮೈಕೆಲ್ಸನ್ 1879ರಲ್ಲಿ ತಿರುಗುವ ಕನ್ನಡಿ ಇಟ್ಟು ಅಳೆದಾಗ ಬಂದದ್ದು ಸೆಕೆಂಡಿಗೆ 2,99,910 ಕಿಲೋಮೀಟರ್. 1882ರಲ್ಲಿ ಅವರೇ ಮತ್ತೆ ಅಳೆದರು, 2,99,853. ಕ್ಯಾಲಿಫೋರ್ನಿಯಾದ ಎರಡು ಬೆಟ್ಟಗಳ ನಡುವೆ 35 ಕಿಲೋಮೀಟರ್ ದೂರಕ್ಕೆ ಬೆಳಕು ಹಾಯಿಸಿ 1926ರಲ್ಲಿ ಕೊಟ್ಟದ್ದು 2,99,796. ಕೊನೆಗೆ ಗಾಳಿ ಹೊರತೆಗೆದ ಒಂದು ಮೈಲಿ ಉದ್ದದ ಕೊಳವೆಯೊಳಗೆ ಪ್ರಯೋಗ ಆರಂಭಿಸಿ, 1931ರಲ್ಲಿ ಅದು ಮುಗಿಯುವ ಮುನ್ನವೇ ತೀರಿಕೊಂಡರು. ಸಂಗಡಿಗರಾದ ಪೀಸ್ ಮತ್ತು ಪಿಯರ್ಸನ್ 1935ರಲ್ಲಿ ಪ್ರಕಟಿಸಿದ ಸಂಖ್ಯೆ 2,99,774. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಹಾಗೆ ಒಂದೇ ಸಮನೆ ಇಳಿತ! ಈ ಇಳಿತವನ್ನು ಕಂಡು ಬೆರಗಾದವರಲ್ಲಿ ನಮ್ಮ ಹುಡುಗ ಮೊದಲನೆಯವನೂ ಅಲ್ಲ. ಗೂರಿ ದ ಬ್ರೇ ಎಂಬುವವರು 1934ರಲ್ಲಿ ಇದೇ ಪ್ರಶ್ನೆಯನ್ನು 'ನೇಚರ್' ಪತ್ರಿಕೆಯಲ್ಲಿ ಎತ್ತಿದ್ದರು. ಯಾರೂ ಮುಚ್ಚಿಡಲಿಲ್ಲ, ಅಚ್ಚು ಹಾಕಿದರು.

ನಕ್ಷೆ ಮಾಡಿದವರು ಬಿಟ್ಟದ್ದು ಒಂದೇ ಒಂದನ್ನು. ಈ ಪ್ರತಿ ಸಂಖ್ಯೆಯ ಪಕ್ಕದಲ್ಲಿಯೂ ಮೂಲದಲ್ಲಿ ಇನ್ನೊಂದು ಪುಟ್ಟ ಸಂಖ್ಯೆ ಇದೆ. ನಾವು ಮಾತಿನಲ್ಲಿ "ಹೆಚ್ಚುಕಡಿಮೆ" ಎಂದು ತೇಲಿಸಿ ಬಿಡುತ್ತೇವಲ್ಲ, ಅಲ್ಲಿ ಎಷ್ಟು ಹೆಚ್ಚು ಎಷ್ಟು ಕಡಿಮೆ ಎಂದು ಬರೆದು ಸಹಿ ಹಾಕಬೇಕು. 1879ರದ್ದಕ್ಕೆ ಹೆಚ್ಚುಕಡಿಮೆ 50, 1882ರದ್ದಕ್ಕೆ 60, 1926ರದ್ದಕ್ಕೆ 4, 1935ರದ್ದಕ್ಕೆ 11. ಇವುಗಳನ್ನು ಸೇರಿಸಿ ಬರೆದರೆ ಮೊದಲ ಎರಡು ಚುಕ್ಕಿಗಳ ಮೇಲೂ ಕೆಳಗೂ ಉದ್ದನೆಯ ಕಡ್ಡಿಗಳು ಏಳುತ್ತವೆ, ಇಳಿಜಾರು ಅರ್ಧಕ್ಕರ್ಧ ಕರಗಿಹೋಗುತ್ತದೆ.

ಆದರೆ ಪೂರ್ತಿ ಕರಗುವುದಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ಇನ್ನೊಂದು ಬಗೆಯ ನಕ್ಷೆ ಮಾಡಿದವನೇ ಆಗುತ್ತಿದ್ದೆ. ಇಂದಿನ ಬೆಲೆ 2,99,792.458. ಹಾಗಾದರೆ 1879ರ ಮೈಕೆಲ್ಸನ್ ತಪ್ಪಿದ್ದು 118ರಷ್ಟು, ಅವರೇ ಒಪ್ಪಿಕೊಂಡ ದೋಷದ ಎರಡು ಪಟ್ಟಿಗೂ ಮಿಗಿಲು. 1935ರದ್ದು ಸುಮಾರು 18ರಷ್ಟು ಕೆಳಗೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದರ ಆಸುಪಾಸಿನಲ್ಲಿಯೇ, 'ಕೆರ್ ಕೋಶ' ಎಂಬ ಬೇರೆ ಉಪಕರಣ ಬಳಸಿದವರಿಗೂ ಅಂಥದ್ದೇ ಉತ್ತರಗಳು ಬಂದವು: 1928ರಲ್ಲಿ 778, 1940ರಲ್ಲಿ 768, 1941ರಲ್ಲಿ 776 (ಎಲ್ಲದರ ಮುಂದೆಯೂ 2,99 ಸೇರಿಸಿಕೊಳ್ಳಿ). 1941ರಲ್ಲಿ ಅಮೆರಿಕದ ಭೌತವಿಜ್ಞಾನಿ ರೇಮಂಡ್ ಬರ್ಜ್ ಇವನ್ನೆಲ್ಲ ತೂಗಿನೋಡಿ 2,99,776, ಹೆಚ್ಚುಕಡಿಮೆ 4 ಎಂದು ತೀರ್ಪು ಕೊಟ್ಟರು. ನಿಜವಾದ ಬೆಲೆ ಆ ನಾಲ್ಕರ ನಾಲ್ಕು ಪಟ್ಟು ಆಚೆಗಿತ್ತು. ಇಷ್ಟು ಜನ, ಇಷ್ಟು ಎಚ್ಚರ, ಒಮ್ಮತದ ತಪ್ಪು.

ಹೇಗೆ? ಉಪಕರಣಗಳ ದೋಷ ಇದ್ದೇ ಇತ್ತು. ಜೊತೆಗೆ ಇನ್ನೊಂದು ಅನುಮಾನವನ್ನು ಆಮೇಲಿನವರು ಹೇಳಿದ್ದಾರೆ. ಅದು ನನಗೆ ಬಹಳ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಆ ಕಳ್ಳತನವನ್ನು ನಾನೂ ಮಾಡಿದ್ದೇನೆ.

ಪಿಯುಸಿಯಲ್ಲಿ ಸರಳ ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಇಪ್ಪತ್ತು ಆಂದೋಲನಗಳ ಕಾಲ ಅಳೆದು, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಪುಸ್ತಕದಲ್ಲಿ 980 (ಸೆಕೆಂಡಿನ ವರ್ಗಕ್ಕೆ ಇಷ್ಟು ಸೆಂಟಿಮೀಟರ್ ಎಂಬ ಲೆಕ್ಕ). ನನಗೆ ಬಂದದ್ದು 971. ಮತ್ತೆ ಮಾಡಿದೆ, ಮತ್ತೆ ಅಷ್ಟೇ. ಮೇಷ್ಟ್ರು ದೂರದಿಂದಲೇ "ಇನ್ನೊಮ್ಮೆ" ಎಂದರು. ಮೂರನೆಯ ಸಲ ನಾನು ಲೋಲಕವನ್ನು ಮುಟ್ಟಲಿಲ್ಲ, ಲಾಗ್ ಟೇಬಲ್ ಹಿಡಿದು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕಾಲದ ಅಂಕಣವನ್ನು ತಿದ್ದಿದೆ. 979.8 ಬಂತು. ಕೆಂಪು ಶಾಯಿಯ 'ಗುಡ್' ಬಿತ್ತು. ನಮ್ಮ ಬ್ಯಾಚಿನ ರೆಕಾರ್ಡುಗಳನ್ನೆಲ್ಲ ಒಟ್ಟಿಗೆ ನೋಡಿದವರಿಗೆ ಆ ಕಾಲೇಜಿನಲ್ಲಿ ಜಗತ್ತಿನ ಅತಿ ನಿಖರವಾದ ಲೋಲಕಗಳಿದ್ದವು ಎನ್ನಿಸಬೇಕು.

ದೊಡ್ಡ ವಿಜ್ಞಾನಿಗಳು ನಮ್ಮಂತೆ ಅಂಕಣ ತಿದ್ದಿದರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಅದು ಇನ್ನೂ ಸೂಕ್ಷ್ಮವಾಗಿ ನಡೆಯುತ್ತದೆ. ಹಿರಿಯರ ಉತ್ತರಕ್ಕಿಂತ ದೂರದ ಸಂಖ್ಯೆ ಬಂದರೆ ತಪ್ಪನ್ನು ಹುಡುಕುತ್ತಾ ಹೋಗುತ್ತೇವೆ, ಹತ್ತಿರದ ಸಂಖ್ಯೆ ಬಂದೊಡನೆ ಹುಡುಕುವುದನ್ನು ನಿಲ್ಲಿಸುತ್ತೇವೆ. ಇದಕ್ಕೆ ಅಪ್ರಾಮಾಣಿಕತೆಯೇ ಬೇಕಿಲ್ಲ, ದಣಿವು ಸಾಕು.

ಆ ಒಮ್ಮತ ಮುರಿದ ಕಥೆ ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಪ್ರಿಯವಾದದ್ದು. ಮುರಿದವರು ಕನ್ನಡಿ ತಿರುಗಿಸಿದವರಲ್ಲ. ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಲೂಯಿ ಎಸೆನ್ ಮತ್ತು ಗಾರ್ಡನ್-ಸ್ಮಿತ್ ಒಂದು ಲೋಹದ ಡಬ್ಬಿಯೊಳಗೆ ಮೈಕ್ರೋವೇವ್ ಅಲೆಗಳನ್ನು ಅನುರಣಿಸಿದರು. ಡಬ್ಬಿಯ ಅಳತೆಯಿಂದ ಅಲೆಯ ಉದ್ದ ಗೊತ್ತು, ಅಲೆಯ ಆವರ್ತನ ಗೊತ್ತು, ಗುಣಿಸಿದರೆ ವೇಗ. ಬಂದದ್ದು 2,99,792, ಹೆಚ್ಚುಕಡಿಮೆ 3. ಮೈಕೆಲ್ಸನ್ ಹೆಸರಿನ ಎದುರು ಒಂದು ಡಬ್ಬಿ! ಸಹಜವಾಗಿಯೇ ಅನುಮಾನದಿಂದ ನೋಡಿದರು. ಅತ್ತ ಅಮೆರಿಕದಲ್ಲಿ ಕಾರ್ಲ್ ಆಸ್ಲಾಕ್ಸನ್ ಎಂಬ ಸರ್ವೆಯವರು ಯುದ್ಧಕಾಲದ ರೇಡಾರಿನಿಂದ ಭೂಮಾಪನ ಮಾಡಲು ಹೊರಟಿದ್ದರು. ವಿಮಾನದಿಂದ ಅಳೆದ ದೂರಕ್ಕೂ ನೆಲದ ಮೇಲಿನ ಸರ್ವೆಗೂ ತಾಳೆಯಾಗಲಿಲ್ಲ. ಹೊಂದಬೇಕಾದರೆ ಬೆಳಕಿನ ವೇಗವೇ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಿರಬೇಕು ಎಂದರು. 1949ರ ಅವರ ಸಂಖ್ಯೆ 2,99,792.4. ಅದೇ ಹೊತ್ತಿಗೆ ಸ್ವೀಡನ್ನಿನ ಬರ್ಗ್‌ಸ್ಟ್ರಾಂಡ್ ಕಣ್ಣಿಗೆ ಕಾಣುವ ಬೆಳಕನ್ನೇ ಬಳಸಿ 2,99,793.1 ಎಂದರು. ಡಬ್ಬಿ, ವಿಮಾನ, ದೀಪ. ಒಂದರ ದೋಷ ಇನ್ನೊಂದಕ್ಕೆ ಅಂಟುವ ಹಾಗಿಲ್ಲ. ಒಂದೇ ಬಾವಿಯ ನೀರನ್ನು ಹತ್ತು ಕೊಡದಲ್ಲಿ ತಂದು ಹತ್ತು ಸಾಕ್ಷಿ ಎನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಗಮನಿಸಿ, ಇದು ಏರಿಕೆ. ವೇಗ ಇಳಿಯುತ್ತಲೇ ಇದೆ ಎನ್ನುವವರ ನಕ್ಷೆ 1935ಕ್ಕೆ ನಿಂತುಬಿಟ್ಟದ್ದು ಏಕೆಂದು ಈಗ ತಿಳಿಯಿತಲ್ಲ.

ಇನ್ನು ಬೀಗದ ವಿಷಯ. 1972ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಕೆನೆತ್ ಇವೆನ್ಸನ್ ತಂಡ ಲೇಸರಿನ ಆವರ್ತನ ಮತ್ತು ತರಂಗಾಂತರ ಅಳೆದು ಸೆಕೆಂಡಿಗೆ ಒಂದು ಮೀಟರಿನಷ್ಟೇ ಅನಿಶ್ಚಿತತೆಗೆ ಬಂದಿತು. ಅದಕ್ಕಿಂತ ಮುಂದೆ ಹೋಗಲು ಅಡ್ಡಿಯಾದದ್ದು ಬೆಳಕಲ್ಲ, ಮೀಟರು. ಆಗಿನ ಮೀಟರಿನ ವ್ಯಾಖ್ಯೆಯೇ ಅಷ್ಟು ನಿಖರವಾಗಿರಲಿಲ್ಲ. ಹಾಗಾಗಿ 1983ರಲ್ಲಿ ಲೆಕ್ಕ ತಿರುಗಿಸಿದರು: ಬೆಳಕು ನಿರ್ವಾತದಲ್ಲಿ ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು. ಆಮೇಲೆ ಬೆಳಕು ನಿಜವಾಗಿ ನಿಧಾನವಾದರೆ? ಆಗ ಮೀಟರು ಕುಗ್ಗುತ್ತದೆ, ಪ್ರಯೋಗಾಲಯದ ಉಕ್ಕಿನ ಪಟ್ಟಿಗಳೆಲ್ಲ ಉದ್ದವಾದಂತೆ ಕಾಣುತ್ತವೆ. ಬಚ್ಚಿಡಲು ಜಾಗವೇ ಇಲ್ಲ.

ಇಷ್ಟು ಬರೆದ ಮೇಲೆ, ಬೆಳಕಿನ ವೇಗ ನಮ್ಮವರಿಗೆ ಮೊದಲೇ ಗೊತ್ತಿತ್ತು ಎನ್ನುವವರ ಕಾಮೆಂಟಿನಲ್ಲಿ ಸಾಯಣಾಚಾರ್ಯರು ಬಂದೇ ಬರುತ್ತಾರೆ. ನಾನೇ ಕರೆಯುತ್ತೇನೆ. ಹದಿನಾಲ್ಕನೆಯ ಶತಮಾನದ ವಿಜಯನಗರದ ಆ ಮಹಾವಿದ್ವಾಂಸರು ಋಗ್ವೇದದ ಸೂರ್ಯಸೂಕ್ತವೊಂದಕ್ಕೆ ಭಾಷ್ಯ ಬರೆಯುತ್ತಾ, ಅರ್ಧ ನಿಮಿಷದಲ್ಲಿ 2,202 ಯೋಜನ ಕ್ರಮಿಸುವವನೇ ಎಂದು ಸೂರ್ಯನನ್ನು ಹೊಗಳುವ ಮಾತನ್ನು ಉದ್ಧರಿಸಿದ್ದಾರೆ. (ಇಲ್ಲಿ ನಿಮಿಷವೆಂದರೆ ರೆಪ್ಪೆ ಮಿಟುಕು, ಗಡಿಯಾರದ್ದಲ್ಲ.) ಹೊಗಳಿಕೆ ಚಲಿಸುವ ಸೂರ್ಯನಿಗೆ. ಅದಿರಲಿ, ಲೆಕ್ಕವನ್ನೇ ಮಾಡೋಣ. ಮನುಸ್ಮೃತಿಯಲ್ಲಿ ಕಾಷ್ಠವೆಂಬ ಹಳೆಯ ಕಾಲಮಾನ ಒಂದಕ್ಕೆ 18 ನಿಮಿಷ, ವಿಷ್ಣುಪುರಾಣದಲ್ಲಿ 15. ಯೋಜನವನ್ನು ಎಂಟು ಕಿಲೋಮೀಟರ್ ಎನ್ನುವವರಿದ್ದಾರೆ, ಹದಿನಾಲ್ಕೂವರೆ ಎನ್ನುವವರೂ ಇದ್ದಾರೆ. ಬೇಕಾದಂತೆ ಆರಿಸಿಕೊಂಡರೆ ಸೆಕೆಂಡಿಗೆ 1.65 ಲಕ್ಷದಿಂದ 3.6 ಲಕ್ಷ ಕಿಲೋಮೀಟರಿನವರೆಗೆ ಯಾವ ಉತ್ತರವಾದರೂ ಬರುತ್ತದೆ. ಮೂರು ಲಕ್ಷ ಬರುವ ಜೋಡಿಯನ್ನು ಹುಡುಕಿ ಹಂಚುವವರು ಮಾಡುವುದು ನಾನು ಲಾಗ್ ಟೇಬಲ್ ಹಿಡಿದು ಮಾಡಿದ್ದನ್ನೇ. ಇದರಲ್ಲಿ ಸಾಯಣರ ತಪ್ಪೇನಿಲ್ಲ.

ಭಾನುವಾರ ಹುಡುಗ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದ. ಉಯ್ಯಾಲೆ ಕಟ್ಟುವ ಕೊಂಡಿಗೆ ದಾರ ಇಳಿಬಿಟ್ಟು, ತುದಿಗೆ ಹಳೆಯ ಹಿತ್ತಾಳೆ ಬೀಗ ಕಟ್ಟಿದೆವು. ಉದ್ದ 203.5 ಸೆಂಟಿಮೀಟರ್, ಆದರೆ ಬೀಗದ ನಡುಮಧ್ಯ ಎಲ್ಲಿದೆ ಎಂಬುದರಲ್ಲಿಯೇ ಒಂದು ಸೆಂಟಿಮೀಟರ್ ಸಂಶಯ. ಮೊಬೈಲಿನಲ್ಲಿ ಐವತ್ತು ಆಂದೋಲನಗಳ ಕಾಲ ಹಿಡಿದೆವು, 143.6 ಸೆಕೆಂಡು. ಲೆಕ್ಕ ಹಾಕಿದರೆ 974. "ಚಿಕ್ಕಪ್ಪ, 980 ಬರಬೇಕಲ್ಲವೇ?" ಎಂದ. ಪುಸ್ತಕದ 980 ನಲವತ್ತೈದು ಡಿಗ್ರಿ ಅಕ್ಷಾಂಶದ ಆಸುಪಾಸಿಗೆ ಹೊಂದುವ ಸಂಖ್ಯೆ, ಬೆಂಗಳೂರಿನದ್ದು 978ರ ಹತ್ತಿರ ಎಂದೆ. ನಮ್ಮ ಪಿಯುಸಿ ಬ್ಯಾಚು ಅಷ್ಟು ನಿಷ್ಠೆಯಿಂದ ನಕಲು ಮಾಡಿದ್ದು ಬೇರೆ ಊರಿನ ಉತ್ತರವನ್ನು.

ಗುಂಪಿಗೆ ಅವನೇ ಬರೆದು ಕಳಿಸಿದ: "974, ಹೆಚ್ಚುಕಡಿಮೆ 7." ಅತ್ತಿಗೆ ಒಂದು ಹೆಬ್ಬೆರಳು ಹಾಕಿದರು. ಅಣ್ಣ ಮಾತ್ರ ಕೇಳಿದ, "ಅದೇನದು 7? ಸರಿಯಾಗಿ ಅಳೆಯಲಿಲ್ಲವೇ?"